ಅಜ್ಜನ ಪೈಪಿಗೆ ವಾರ್ನಿಷ್ ಬೇಡ, ಕೊಳವೆ ಬಿಚ್ಚಿಟ್ಟು ಉಜ್ಜಲೂ ಬೇಡ

ಅಜ್ಜ ತಂಬಾಕು ಸೇದುತ್ತಿದ್ದ ಮರದ ಪೈಪಿನ ವಾರ್ನಿಷ್ ಎದ್ದಿದೆ, ಮತ್ತೆ ಯಾವ ವಾರ್ನಿಷ್ ಹಚ್ಚಲಿ ಎಂದು ಕೇಳಿದ್ದೀರಿ. ಯಾವುದನ್ನೂ ಹಚ್ಚಬೇಡಿ. ನಾನು ಹಚ್ಚಿದ್ದೆ.

ನಮ್ಮಜ್ಜ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದ. ಕಾಕಾ ಕೂಡ ಅಲ್ಲೇ ಫಿಟರ್ ಆಗಿ ರಿಟೈರ್ ಆದವರು. ಅಜ್ಜನ ಪೈಪು ವರ್ಷವಿಡೀ ಟ್ರಂಕಿನಲ್ಲಿರುತ್ತದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಕಾಕಾ ಅದನ್ನು ತೆಗೆದು, ಚಿಟಿಕೆ ತಂಬಾಕು ತುಂಬಿ ಹೊತ್ತಿಸಿ, ಹೋಳಿಗೆಯ ಪಕ್ಕ ಫೋಟೋದ ಮುಂದೆ ಇಡುತ್ತಾರೆ. ಒಂದು ವರ್ಷ ವಾರ್ನಿಷ್ ಹಕ್ಕಳೆಯಾಗಿ ಏಳುತ್ತಿದ್ದುದನ್ನು ನೋಡಲಾಗದೆ, ದುರ್ಗದಬೈಲಿಗೆ ಹೋಗಿ ಸಣ್ಣ ಡಬ್ಬಿ ಫರ್ನಿಚರ್ ವಾರ್ನಿಷ್ ತಂದು ಎರಡು ಕೋಟ್ ಹೊಡೆದೆ. ಕನ್ನಡಿಯಂತೆ ಹೊಳೆಯಿತು. ಅಮಾವಾಸ್ಯೆಯ ದಿನ ಕಾಕಾ ಹೊತ್ತಿಸಿ ನಾಲ್ಕು ಸಲ ಎಳೆದಿರಬೇಕು, ತಂಬಾಕು ತುಂಬುವ ಬಟ್ಟಲಿನ ಅಂಚಿಗೆ ಗುಳ್ಳೆ ಎದ್ದವು. ಎಡೆಯ ಮುಂದೆ ಊದಿನಕಡ್ಡಿಯನ್ನೂ ಮೀರಿ ಸುಟ್ಟ ಬಣ್ಣದ ವಾಸನೆ.

ಕಲಘಟಗಿಯ ತೊಟ್ಟಿಲಿಗೆ ಅರಗಿನ ಹೊಳಪು ಒಪ್ಪುತ್ತದೆ, ಏಕೆಂದರೆ ತೊಟ್ಟಿಲಿನೊಳಗೆ ಯಾರೂ ಕೆಂಡ ಇಡುವುದಿಲ್ಲ. ಪೈಪು ಒಳಗಿನಿಂದ ಕಾಯುವ ವಸ್ತು. ಇಂಥ ಪೈಪು ಮಾಡುವ ಕಟ್ಟಿಗೆ ಬ್ರಾಯರ್ ಎನ್ನುವುದು ಮೆಡಿಟರೇನಿಯನ್ ಸೀಮೆಯಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಪೊದೆಯ ಬುಡದ ಗಂಟು. ಬೆಂಕಿ ತಾಳುತ್ತದೆ, ತೇವ ಹೀರುತ್ತದೆ ಎಂದೇ ಅದನ್ನು ಆರಿಸಿದ್ದು. ಅದರ ಮೇಲೆ ದಪ್ಪ ವಾರ್ನಿಷ್ ಬಳಿಯುವುದು ನನ್ನ ಪ್ರಕಾರ ಆ ಕಟ್ಟಿಗೆಗೆ ಮಾಡುವ ಅನ್ಯಾಯ.

ಆದರೆ ಅಲ್ಲಿಯವರೆಗಿನ ತಪ್ಪು ತಿದ್ದುವಂಥದ್ದೇ ಆಗಿತ್ತು. ತಿದ್ದಲಾಗದ್ದನ್ನು ಮಾಡಿದ್ದು ಆಮೇಲೆ.

ವಾರ್ನಿಷ್ ಕರಗಿಸಲು ಅಸಿಟೋನ್ ಹಚ್ಚಬೇಕಿತ್ತು, ಅದು ತಾಗದಿರಲೆಂದು ಬಾಯಿಗಿಡುವ ಕಪ್ಪು ಕೊಳವೆಯನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಅದು ಸರಿಯೇ. ಮುಕ್ಕಾಲು ಪಾಲು ವಾರ್ನಿಷ್ ಹೋಯಿತು. ಉಳಿದದ್ದು ಹಿಡಿಯ ತುದಿಯಲ್ಲಿ, ಕೊಳವೆ ಬಂದು ಕೂಡುವ ಕಡೆ ಗಟ್ಟಿಯಾಗಿ ಕೂತಿತ್ತು. ಕೊಳವೆಯನ್ನು ತಿರುಗಿ ಹಾಕದೆ 120 ನಂಬರಿನ ಪಾಲಿಶ್ ಪೇಪರ್ ಹಿಡಿದು ಉಜ್ಜಿದೆ. ಇಲ್ಲಿ ಏನಾಗುತ್ತದೆ ನೋಡಿ. ಆ ತುದಿಯ ಅಂಚು ಚೂಪಾಗಿ, ಮೂಲೆಮಟ್ಟಕ್ಕೆ ಇರುತ್ತದೆ. ಕೊಳವೆಯ ಅಂಚೂ ಹಾಗೆಯೇ. ಎರಡು ಚೂಪು ಅಂಚು ಕೂಡಿದರೆ ಕೂದಲೆಳೆಯಂಥ ಗೆರೆಯಷ್ಟೇ ಕಾಣುತ್ತದೆ. ಆಚೆ ಕಡೆ ಏನೂ ಇಲ್ಲದಿದ್ದರೆ ಬೆರಳಿನ ಕೆಳಗಿನ ಕಾಗದ ಅಂಚಿನಾಚೆಗೆ ಬಾಗುತ್ತದೆ, ಬೆರಳಿನ ಭಾರವೆಲ್ಲ ಅಂಚಿನ ಮೇಲೇ ಬೀಳುತ್ತದೆ. ಹೋದದ್ದು ಅರ್ಧ ಮಿಲಿಮೀಟರೂ ಇರಲಾರದು. ಕೈಯಲ್ಲಿದ್ದಾಗ ನನಗೆ ಗೊತ್ತೇ ಆಗಲಿಲ್ಲ. ಕೊಳವೆ ಹಾಕಿದ ಮೇಲೆ ಸುತ್ತಲೂ ಗಟಾರದಂಥ ಸಂದು.

ಕಾಕಾ ಕೈಗೆ ತೆಗೆದುಕೊಂಡು ಹೆಬ್ಬೆರಳಿನ ಉಗುರು ಆಡಿಸಿದರು. "ಕತ್ತಲದಾಗ ಬೆರಳಾಡಿಸಿದ್ರ ಕಟ್ಟಿಗಿ ಎಲ್ಲಿ ಮುಗೀತು ಅಂತ ತಿಳೀತಿದ್ದಿಲ್ಲೋ ತಮ್ಮಾ. ಈಗ ಉಗುರು ಸಿಗಬೀಳಾಕತ್ತೈತಿ. ಎರಡೂ ಕೂಡಿಸೇ ತಿಕ್ಕಬೇಕಿತ್ತು." ಬೈದಿದ್ದರೆ ಚೆನ್ನಾಗಿತ್ತು. ತುದಿಯನ್ನು ಮತ್ತೆ ಮಟ್ಟ ಮಾಡಿಸಬಹುದೇ ಎಂದು ಬಡಿಗೇರರ ಹತ್ತಿರವೂ ಹೋದೆ. ಅಷ್ಟು ಕಟ್ಟಿಗೆ ಇಳಿಸಿದರೆ ಪಕ್ಕದಲ್ಲೇ ಇರುವ, ಪೈಪು ಮಾಡಿದವರ ಹೆಸರಿನ ಮುದ್ರೆಯೂ ಅಳಿಯುತ್ತದೆ ಎಂದರು. ಹಾಗೇ ಬಿಟ್ಟಿದ್ದೇನೆ.

ಆದ್ದರಿಂದ ನೀವು ಹೀಗೆ ಮಾಡಿ. ಪೈಪು ಪೂರ್ತಿ ತಣ್ಣಗಿರುವಾಗಲೇ ಕೊಳವೆಯನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿ, ಬಿಸಿಯಿದ್ದಾಗ ಬಿಚ್ಚಿದರೆ ಹಿಡಿ ಸೀಳಬಹುದು. ಬಟ್ಟಲಿಗೂ ಹಿಡಿಯ ತೂತಿಗೂ ಹತ್ತಿ ತುರುಕಿ. ಮೊದಲು ಐಸೋಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿ ನೋಡಿ, ಅರಗಿನ ಪಾಲಿಶ್ ಆದರೆ ಅದಕ್ಕೇ ಬರುತ್ತದೆ. ಬಾರದಿದ್ದರೆ ಅಸಿಟೋನ್, ಕಿಟಕಿ ತೆರೆದು, ಒಲೆಯಿಂದ ದೂರ ಕೂತು. ಒರೆಸುವಾಗ ಪೈಪಿನ ಬಣ್ಣವೂ ಸ್ವಲ್ಪ ಬಟ್ಟೆಗೆ ಬರುತ್ತದೆ, ಗಾಬರಿಯಾಗಬೇಡಿ. ಪೇಂಟ್ ರಿಮೂವರ್ ಮಾತ್ರ ಬೇಡವೇ ಬೇಡ, ಬಾಯಿಗಿಡುವ ವಸ್ತು ಅದು. ಒಂದು ದಿನ ಆರಲಿ. ಕಾಗದ ಕೈಗೆ ತೆಗೆದುಕೊಳ್ಳುವ ಮುಂಚೆ ಕೊಳವೆಯನ್ನು ತಿರುಗಿ ಹಾಕಿ, ಅದಕ್ಕೆ ಟೇಪ್ ಸುತ್ತಿ. 400 ನಂಬರಿನ ಕಾಗದದಿಂದ ಶುರುಮಾಡಿ 600, 1000, 2000, ನಂಬರು ಏರಿದಷ್ಟೂ ಕಾಗದ ನಯ. ಮುದ್ರೆಯ ಸುತ್ತ ಒಂದು ಬೆರಳಗಲ ಕಾಗದ ತಾಗಿಸಲೇಬೇಡಿ, ಅಲ್ಲಿ ಸ್ವಲ್ಪ ಹಳೇ ವಾರ್ನಿಷ್ ಉಳಿದರೂ ಉಳಿಯಲಿ.

ಹೊಳಪಿಗೆ ಕಾರ್ನೌಬಾ ಮೇಣ. ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ಬರುವ ಇದು ಕರಗಲು 80 ಡಿಗ್ರಿಗೂ ಮೇಲೆ ಬೇಕು, ಅದಕ್ಕೇ ಬೆಚ್ಚಗಿನ ಪೈಪಿನ ಮೇಲೂ ನಿಲ್ಲುತ್ತದೆ. ಕೈಯಿಂದ ಉಜ್ಜಿದರೆ ಹತ್ತುವುದಿಲ್ಲ. ನಾನು ನಮ್ಮ ಓಣಿಯ ಅಕ್ಕಸಾಲಿಗರ ಬಫ್ ಮೋಟರಿಗೆ ಹೊಸ ಬಟ್ಟೆಯ ಚಕ್ರ ಹಾಕಿಸಿ ಮಾಡಿಸಿದೆ. ಅವರ ಹಳೇ ಚಕ್ರ ಬೇಡ, ಅದರಲ್ಲಿ ಒಡವೆಗೆ ಹೊಳಪು ಕೊಡುವ ಕೆಂಪು ಮಸಾಲೆ ಹಿಡಿದಿರುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ ಎನ್ನುವವರೂ ಸಿಗುತ್ತಾರೆ. ಆಮೇಲೆ ಕಮಟು ವಾಸನೆ ಬರುತ್ತದೆ.

ಕೊಳವೆ ಹಸಿರು ಹಳದಿಯಾಗಿದ್ದರೆ ಅದು ವಲ್ಕನೈಟ್, ಅಂದರೆ ಗಂಧಕ ಕೂಡಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲಿಗೆ ಹಾಗಾಗುತ್ತದೆ. 1000ರ ಕಾಗದವನ್ನು ನೀರಲ್ಲದ್ದಿ ಹಗುರಾಗಿ ತಿಕ್ಕಿದರೆ ಮತ್ತೆ ಕಪ್ಪಾಗುತ್ತದೆ. ಇದನ್ನೂ ಹಿಡಿಗೆ ಕೂಡಿಸಿಯೇ, ಆಗ ಟೇಪನ್ನು ಕಟ್ಟಿಗೆಯ ಕಡೆ ಸುತ್ತಿಕೊಂಡು.

ಶುರುಮಾಡುವ ಮುಂಚೆ ಮುದ್ರೆಯದ್ದೂ ಜೋಡಣೆಯದ್ದೂ ಹತ್ತಿರದಿಂದ ಒಂದು ಫೋಟೋ ಹಾಕಿ. ವಾರ್ನಿಷ್ ಅಲ್ಲಿ ಎಷ್ಟು ಕೂತಿದೆ ಎಂದು ನೋಡಿ ಹೇಳುತ್ತೇನೆ.