ಐದು ವರ್ಷ ತುಂಬಿದರೆ ಮಗ ತಂದೆಗೆ ಸೇರುತ್ತಾನೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೆಂಡತಿ ನಾಲ್ಕು ವರ್ಷದ ಮಗನೊಂದಿಗೆ ಶಿವಮೊಗ್ಗದ ತವರಿಗೆ ಹೋಗಿ ಎಂಟು ತಿಂಗಳಾಯಿತು, ನೀವು ಬೆಂಗಳೂರಿನಲ್ಲಿದ್ದೀರಿ. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದೀರಿ, ಮಗನ ವಿಷಯದಲ್ಲಿ ಮಾತ್ರ ಹೊಂದಿಕೆಯಾಗಿಲ್ಲ. ಐದು ತುಂಬಿದ ಮೇಲೆ ಮಗ ತಂದೆಗೆ ಸೇರುತ್ತಾನಂತೆ ಹೌದೇ, ಎಷ್ಟು ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ದುಡ್ಡು ಕಳುಹಿಸಬೇಕೇ, ಶಾಲೆಯಿಂದಲೇ ಕರೆದುಕೊಂಡು ಬಂದರೆ ತಪ್ಪೇ ಎಂದು ಕೇಳಿದ್ದೀರಿ.

ನಾನು ವಕೀಲನಲ್ಲ. ಜಿಲ್ಲಾ ಕೇಂದ್ರವೊಂದರ ನ್ಯಾಯಾಲಯದಲ್ಲಿ ಬಹಳ ವರ್ಷ ಬೆಂಚ್ ಕ್ಲರ್ಕ್ ಆಗಿದ್ದು, ಶಿರಸ್ತೇದಾರನಾಗಿ ನಿವೃತ್ತನಾದವನು. ನ್ಯಾಯಾಧೀಶರ ಪೀಠದ ಕೆಳಗೆ ಕುಳಿತು ಕಡತ ಎತ್ತಿಕೊಡುವುದು, ಮುಂದಿನ ದಿನಾಂಕ ಬರೆಯುವುದು ನನ್ನ ಕೆಲಸವಾಗಿತ್ತು. ಆ ಮೇಜಿನಿಂದ ಕಂಡದ್ದನ್ನು ಹೇಳುತ್ತೇನೆ. ಅರ್ಜಿ ಬರೆಸುವುದಕ್ಕೆ ವಕೀಲರ ಬಳಿಯೇ ಹೋಗಿ. ನೀವಿಬ್ಬರೂ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರು ಎಂದುಕೊಂಡು ಬರೆಯುತ್ತಿದ್ದೇನೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ, ಕ್ರೈಸ್ತರಿಗೆ, ಮುಸ್ಲಿಮರಿಗೆ ಕಾಯ್ದೆಗಳೂ ಕಲಂಗಳೂ ಬೇರೆ.

ಐದು ವರ್ಷದ ಮಾತನ್ನು ನ್ಯಾಯಾಲಯದ ಮೊಗಸಾಲೆಯಲ್ಲಿ ಕೇಳಿದಷ್ಟು ನಾನು ಮತ್ತೆಲ್ಲೂ ಕೇಳಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮಿನಿಂದ ಹುಟ್ಟಿದ ಮಾತು ಅದು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಅಲ್ಲಿ ಇದೆ. ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕು ಎಂದು ಎಲ್ಲೂ ಇಲ್ಲ. ಸ್ವಾಭಾವಿಕ ಪಾಲಕ ತಂದೆ, 'ಅವನ ನಂತರ' ತಾಯಿ ಎಂಬ ಸಾಲೂ ಅದೇ ಕಲಮಿನಲ್ಲಿದೆ, ನಿಜ. ಆದರೆ 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಅವನ ಗೈರುಹಾಜರಿಯಲ್ಲಿ ಎಂದೂ ಓದಬೇಕು ಎಂದಿತು. ಇದಕ್ಕೆಲ್ಲ ಮೇಲೆ ನಿಲ್ಲುವುದು 13ನೇ ಕಲಂ: ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಹಕ್ಕು, ಅವರ ಹಕ್ಕು ಎರಡೂ ಅದರ ಕೆಳಗೆ ಬರುತ್ತವೆ.

ಹಿತ ಎಂದರೆ ನ್ಯಾಯಾಧೀಶರು ಏನನ್ನು ನೋಡುತ್ತಾರೆ? ಸಂಬಳದ ಚೀಟಿಯನ್ನೂ ನೋಡುತ್ತಾರೆ, ಆದರೆ ಅದು ಬಹಳ ತೂಗುವುದನ್ನು ನಾನು ಕಂಡಿಲ್ಲ. ಮಗುವನ್ನು ಎಬ್ಬಿಸಿ ಶಾಲೆಗೆ ಕಳುಹಿಸುವವರು ಯಾರು, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಇದ್ದವರು ಯಾರು ಎಂಬುದು ತೂಗುತ್ತದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ತಂದೆಯನ್ನು ಕೇಳುವ ಪ್ರಶ್ನೆಗಳು ನನಗೆ ಈಗಲೂ ಬಾಯಿಪಾಠ: ಮಗನ ತರಗತಿಯ ಶಿಕ್ಷಕಿಯ ಹೆಸರೇನು? ಕೊನೆಯ ಲಸಿಕೆ ಯಾವಾಗ ಹಾಕಿಸಿದಿರಿ? ಅವನ ಚಪ್ಪಲಿಯ ಅಳತೆ ಎಷ್ಟು? ದೊಡ್ಡ ಹುದ್ದೆಯಲ್ಲಿದ್ದವರು ಕಟಕಟೆಯಲ್ಲಿ ನಿಂತು ಚಪ್ಪಲಿಯ ಅಳತೆಗೆ ತಡವರಿಸಿದ್ದನ್ನು ನೋಡಿದ್ದೇನೆ.

ಇಲ್ಲೇ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದೆ. ಈ ಎಂಟು ತಿಂಗಳಲ್ಲಿ ಮಗನನ್ನು ಎಷ್ಟು ಸಲ ನೋಡಿದಿರಿ ಎಂದು ನೀವು ಬರೆದಿಲ್ಲ. ನ್ಯಾಯಾಧೀಶರು ಅದನ್ನೇ ಮೊದಲು ಕೇಳಿಯಾರು. ಅಂತಿಮ ತೀರ್ಪು ಬರುವ ಹೊತ್ತಿಗೆ ಮಗು ಒಂದು ಊರಿನಲ್ಲಿ, ಒಂದು ಶಾಲೆಯಲ್ಲಿ, ಒಂದು ಅಜ್ಜಿಯ ಮಡಿಲಲ್ಲಿ ಬೇರೂರಿರುತ್ತದೆ. ಚೆನ್ನಾಗಿರುವ ಮಗುವನ್ನು ಅಲ್ಲಿಂದ ಕಿತ್ತು ತರಲು ಯಾವ ನ್ಯಾಯಾಧೀಶರಿಗೂ ಮನಸ್ಸಾಗುವುದಿಲ್ಲ. ಹೀಗಾಗಿ ನಾನು ಕಂಡ ಬಹುಪಾಲು ಪ್ರಕರಣಗಳಲ್ಲಿ ಮೊದಲ ಆರು ತಿಂಗಳ ಮಧ್ಯಂತರ ಆದೇಶವೇ, ಅಂದರೆ ಪ್ರಕರಣ ಮುಗಿಯುವವರೆಗಿನ ತಾತ್ಕಾಲಿಕ ಆದೇಶವೇ, ನಿಜವಾದ ತೀರ್ಪಾಗಿತ್ತು, ಕೊನೆಯದ್ದು ಅದಕ್ಕೆ ಒತ್ತಿದ ಮೊಹರು ಅಷ್ಟೇ. ಐದರ ಹುಟ್ಟುಹಬ್ಬಕ್ಕಾಗಿ ಸುಮ್ಮನೆ ಕಾಯುತ್ತಿದ್ದರೆ ಆ ಕಾಯುವಿಕೆಯೇ ನಿಮ್ಮ ವಿರುದ್ಧ ಸಾಕ್ಷ್ಯವಾಗುತ್ತದೆ.

ಈಗ ವಿಚ್ಛೇದನ. ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿ. ಅರ್ಜಿ ಹಾಕುವಾಗ ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು, ಆದ್ದರಿಂದ ನಿಮಗೆ ಇನ್ನೂ ನಾಲ್ಕು ತಿಂಗಳಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ, ಮತ್ತೆ ಇಬ್ಬರೂ ಹಾಜರಾಗಿ ನಮ್ಮ ಮನಸ್ಸು ಬದಲಾಗಿಲ್ಲ ಎನ್ನಬೇಕು. ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಸಂಧಾನದ ಯತ್ನ ಮುಗಿದಿರಬೇಕು. ಜೀವನಾಂಶ, ಮಗುವಿನ ವಿಷಯ ಎಲ್ಲ ಇತ್ಯರ್ಥವಾಗಿರಬೇಕು. ಕೊನೆಯ ಷರತ್ತನ್ನು ಗಮನಿಸಿ. ಮಗನ ಬಗ್ಗೆ ಒಪ್ಪಂದವಿಲ್ಲದೆ ಒಪ್ಪಿಗೆಯ ವಿಚ್ಛೇದನ ಕಾಗದದ ಮೇಲೆ ಸಾಧ್ಯವಿದ್ದರೂ ಎರಡನೇ ಹಾಜರಿಯ ದಿನ ಮುರಿದುಬೀಳುವುದು ಹೆಚ್ಚು. ಅಂತಿಮ ಡಿಕ್ರಿಯಾಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು, ಅದೂ ಕಾನೂನೇ.

ಮುರಿದುಬಿದ್ದರೆ ಉಳಿಯುವುದು ಇದೇ ವಿವಾಹ ಕಾಯ್ದೆಯ 13ನೇ ಕಲಂ. ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ ಮುಂತಾದ ಕಾರಣಗಳಲ್ಲಿ ಒಂದನ್ನು ರುಜುವಾತು ಮಾಡಬೇಕು. 'ನಮ್ಮ ನಡುವೆ ಇನ್ನೇನೂ ಉಳಿದಿಲ್ಲ' ಎಂಬುದು ಆ ಪಟ್ಟಿಯಲ್ಲಿಲ್ಲ. ಆ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಕೆಳಗಿನ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಇಂಥ ಅರ್ಜಿಯನ್ನು ನೋಟಿಸ್ ಜಾರಿಯಾದ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು 21ಬಿ ಕಲಂ ಹೇಳುತ್ತದೆ. ಮೂರು ವರ್ಷವಾದರೂ ಪಾಟೀಸವಾಲು ಮುಗಿಯದ ಕಡತಗಳನ್ನು ನಾನೇ ಹೊತ್ತಿದ್ದೇನೆ, ಹೆಚ್ಚು ಹೇಳುವುದಿಲ್ಲ.

ಎಲ್ಲಿ ಹೂಡಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಮದುವೆಯಾದ ಊರು, ಎದುರುದಾರರು ಇರುವ ಊರು, ಕೊನೆಯದಾಗಿ ಒಟ್ಟಿಗೆ ಸಂಸಾರ ಮಾಡಿದ ಊರು, ಇವುಗಳಲ್ಲಿ ಎಲ್ಲಾದರೂ ವಿಚ್ಛೇದನದ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನು ಈಗ ವಾಸಿಸುವ ಊರಿನಲ್ಲೂ ಹಾಕಬಹುದು. ಮಗುವಿನ ಸುಪರ್ದಿಗೆ ದಾರಿ ಎರಡು. ವಿಚ್ಛೇದನದ ಪ್ರಕರಣದೊಳಗೇ 26ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕುವುದು ಒಂದು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಪ್ರತ್ಯೇಕ ಅರ್ಜಿ ಇನ್ನೊಂದು, ಕಚೇರಿಯಲ್ಲಿ ನಾವು ಅದನ್ನು 'ಜಿ ಅಂಡ್ ಡಬ್ಲ್ಯೂ' ಎನ್ನುತ್ತಿದ್ದೆವು. ಇದು ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲೇ ಆಗಬೇಕು. ಎಂಟು ತಿಂಗಳಿಂದ ಅಲ್ಲೇ ಇದ್ದು ಅಲ್ಲಿಯ ಶಾಲೆಗೇ ಹೋಗುವ ಮಗುವಿಗೆ ಅದು ಬೆಂಗಳೂರು ಎಂದು ವಾದಿಸುವುದು ಕಷ್ಟ. ನೀವು ಬೆಂಗಳೂರಿನಲ್ಲಿ ವಿಚ್ಛೇದನಕ್ಕೆ ಹಾಕಿದರೂ ಪ್ರಕರಣವನ್ನು ಶಿವಮೊಗ್ಗಕ್ಕೆ ವರ್ಗಾಯಿಸಿ ಎಂದು ಅವರು ಹೈಕೋರ್ಟಿಗೆ ಹೋಗಬಹುದು, ಚಿಕ್ಕ ಮಗುವಿರುವ ತಾಯಿಯ ಅನುಕೂಲಕ್ಕೆ ಅಲ್ಲಿ ಬೆಲೆಯಿದೆ. ಬಸ್ಸಿನ ಖರ್ಚು ನಿಮ್ಮದೇ ಎಂದು ಈಗಲೇ ಲೆಕ್ಕ ಹಾಕಿಕೊಳ್ಳಿ.

ಮೊದಲ ಹಾಜರಿಗಳಲ್ಲಿ ಸಂಧಾನಕ್ಕೆ ಕಳುಹಿಸುತ್ತಾರೆ. ಬೆಂಗಳೂರಿನಲ್ಲಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರವೂ ಒಂದೇ ಸೂರಿನಡಿ ಇವೆ. ಅಲ್ಲಿಗೆ ಹೋಗುವುದನ್ನು ಕಾಲಹರಣ ಎಂದುಕೊಳ್ಳಬೇಡಿ. ವಾರಕ್ಕೆ ಎಷ್ಟು ಸಲ ವಿಡಿಯೊ ಕರೆ, ದಸರಾ ರಜೆ ಯಾರ ಬಳಿ, ಶಾಲೆಯ ಶುಲ್ಕ ಯಾರದ್ದು, ಮಗುವನ್ನು ಯಾರು ಎಲ್ಲಿಗೆ ತಂದು ಬಿಡಬೇಕು ಎಂಬುದನ್ನೆಲ್ಲ ಅಲ್ಲಿ ಬರೆಸಿಕೊಂಡಷ್ಟು ವಿವರವಾಗಿ ಯಾವ ತೀರ್ಪಿನಲ್ಲೂ ಬರೆಸಿಕೊಳ್ಳಲಾಗದು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ವರ್ಷದ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಇರಲಿ ಎಂದು ಆದೇಶಿಸಿತ್ತು. ನಿಮ್ಮಿಬ್ಬರ ನಡುವೆ ಮುನ್ನೂರು ಕಿಲೋಮೀಟರ್ ಇರುವಾಗ, ಶಾಲೆಯ ವರ್ಷದ ನಡುವೆ, ಆ ಸೂತ್ರ ಹೊಂದುವುದಿಲ್ಲ. ಬೇಸಿಗೆ ರಜೆಯ ಅರ್ಧ ಮತ್ತು ತಿಂಗಳಿಗೆ ಎರಡು ವಾರಾಂತ್ಯ ಎಂದು ಕೇಳಿದರೆ ಸಿಗುವ ಸಂಭವ ಹೆಚ್ಚು.

ಮಗನನ್ನೇ ಕೇಳಿದರೆ ನನ್ನ ಹೆಸರು ಹೇಳುತ್ತಾನೆ ಎಂದೂ ಬರೆದಿದ್ದೀರಿ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದು ಎಂದು ಕಾಯ್ದೆಯಲ್ಲಿದೆ. ನಾಲ್ಕು ವರ್ಷದವನ ಮಾತು ಅದಕ್ಕೆ ಸಾಲದು. ಒಮ್ಮೆ ನಮ್ಮ ನ್ಯಾಯಾಧೀಶರು ಏಳು ವರ್ಷದ ಹುಡುಗಿಯನ್ನು ಕೊಠಡಿಗೆ ಕರೆಸಿ, ಬಿಸ್ಕತ್ತು ಕೊಟ್ಟು, ಅಪ್ಪ ಹೇಗಮ್ಮ ಎಂದು ಕೇಳಿದರು. 'ಅವರು ಮಧ್ಯಂತರ ಜೀವನಾಂಶ ಕಟ್ಟುತ್ತಿಲ್ಲ' ಎಂದಳು. ಸಾಹೇಬರು ಪೆನ್ನನ್ನು ಕೆಳಗಿಟ್ಟರು. ಆ ಪದ ಅವಳ ಬಾಯಿಗೆ ಹೇಗೆ ಬಂತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀವು ಮಗನಿಗೆ ಏನನ್ನೂ ಕಲಿಸಿಕೊಡಬೇಡಿ.

ದುಡ್ಡಿನ ಮಾತಿಗೆ ಬಂದರೆ, ಕಳುಹಿಸುತ್ತಲೇ ಇರಿ, ಬ್ಯಾಂಕಿನ ಮೂಲಕವೇ ಕಳುಹಿಸಿ. ಮಗನನ್ನು ತೋರಿಸದಿದ್ದರೆ ಹಣವಿಲ್ಲ ಎಂಬ ಲೆಕ್ಕವನ್ನು ನ್ಯಾಯಾಲಯ ಒಪ್ಪುವುದಿಲ್ಲ, ಹಣ ಬಾರದಿದ್ದರೆ ಮಗನನ್ನು ತೋರಿಸುವುದಿಲ್ಲ ಎಂಬುದನ್ನೂ ಒಪ್ಪುವುದಿಲ್ಲ. ಸುಪ್ರೀಂ ಕೋರ್ಟಿನ 2020ರ ರಜನೇಶ್ ಪ್ರಕರಣದ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕುತ್ತಾರೆ. ತಡಮಾಡಿದಷ್ಟೂ ಬಾಕಿ ಬೆಳೆಯುತ್ತದೆ. ನಿಮ್ಮ ಹೆಂಡತಿಯವರ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಬಹುದು.

ಇನ್ನು ಶಾಲೆಯಿಂದ ಕರೆದುಕೊಂಡು ಬರುವ ವಿಚಾರ. ದಯವಿಟ್ಟು ಬೇಡ. ಹಾಗೆ ತಂದವರ ಮೇಲೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ನ್ಯಾಯಾಲಯದ ಮುಂದೆ ತರಿಸಿ ಎಂಬ ಅರ್ಜಿ, ಬಿದ್ದು, ಪೊಲೀಸರ ಜೊತೆ ಮಗುವನ್ನು ಹಾಜರುಪಡಿಸಬೇಕಾಗಿ ಬಂದದ್ದುಂಟು. ಆಮೇಲೆ ಭೇಟಿಯ ಹಕ್ಕು ಕೇಳಲು ಬಂದಾಗ ಆ ಒಂದು ಮಧ್ಯಾಹ್ನ ಎದುರು ಕಡೆಯವರು ಸಲ್ಲಿಸುವ ಪ್ರತಿಯೊಂದು ತಕರಾರು ಹೇಳಿಕೆಯಲ್ಲೂ ಮೊದಲ ಪುಟದಲ್ಲಿ ಇರುತ್ತದೆ. ಅದರ ಬದಲು ಈ ಶನಿವಾರ, ಮೊದಲೇ ಸಂದೇಶ ಕಳುಹಿಸಿ ತಿಳಿಸಿ, ಶಿವಮೊಗ್ಗಕ್ಕೆ ಹೋಗಿ ಮಾವನ ಮನೆಯ ಬಾಗಿಲು ತಟ್ಟಿ. ಒಳಗೆ ಬಿಟ್ಟರೆ ಮಗನೊಂದಿಗೆ ಎರಡು ಗಂಟೆ ಆಡಿ ಬನ್ನಿ, ಬಿಡದಿದ್ದರೆ ಜಗಳವಾಡದೆ ಹಿಂತಿರುಗಿ. ಆ ಸಂದೇಶ, ಬಂದ ಉತ್ತರ, ಬಸ್ಸಿನ ಟಿಕೆಟ್ ಮೂರನ್ನೂ ಇಟ್ಟುಕೊಂಡು ಸೋಮವಾರ ವಕೀಲರ ಬಳಿ ಹೋಗಿ, ಭೇಟಿಗಾಗಿ ಮಧ್ಯಂತರ ಅರ್ಜಿ ಬರೆಸಿ. ಹೋಗುವಾಗ ಚಪ್ಪಲಿ ಒಯ್ಯುವುದಾದರೆ ಅಳತೆ ಕೇಳಿಕೊಂಡು ಹೋಗಿ, ಎಂಟು ತಿಂಗಳಲ್ಲಿ ಕಾಲು ಬೆಳೆದಿರುತ್ತದೆ.