ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಕಾ?

ಆಸ್ಪತ್ರೆ ದೂರ ಇದೆ, ಹೊರಡುವ ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಸೌದೆ ತೇವ ಹಿಡಿದು ಬಚ್ಚಲೊಲೆ ಬೇಗ ಹತ್ತುವುದಿಲ್ಲ. ಅದಕ್ಕೆ ಅಂತ ಒಲೆ ಪಕ್ಕ ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ ಇಟ್ಟಿದ್ದೆವು. ಮಗಳಿಗೆ ಆಗ ಎರಡು ವರ್ಷ. ನೀರು ಅಂದುಕೊಂಡು ಒಂದು ಗುಟುಕು ಕುಡಿದುಬಿಟ್ಟಳು. ಕೆಮ್ಮು ಕೇಳಿ ಓಡಿದೆ. ಅಂಗಿ ಪೂರ್ತಿ ಎಣ್ಣೆ ವಾಸನೆ. ಅತ್ತೆ ಗಾಬರಿಯಲ್ಲಿ ಉಪ್ಪುನೀರು ಕದಡಿಕೊಂಡು ಬಂದರು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಆ ಲೋಟ ಕಿತ್ತುಕೊಳ್ಳದಿದ್ದರೆ ನಾನೇ ಕುಡಿಸುತ್ತಿದ್ದೆ.

ಕಾರಣವನ್ನು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಸೀಮೆಎಣ್ಣೆ ಹೊಟ್ಟೆಯಲ್ಲಿದ್ದರೆ ಆಗುವುದಕ್ಕಿಂತ ಶ್ವಾಸಕೋಶಕ್ಕೆ ಇಳಿದರೆ ಆಗುವ ಹಾನಿಯೇ ಜಾಸ್ತಿ. ಅದು ತುಂಬಾ ತೆಳು. ವಾಂತಿಯ ಜೊತೆ ಗಂಟಲಿಗೆ ಬಂದಾಗ ಉಸಿರಿನ ದಾರಿಗೆ ಜಾರಿಬಿಡುತ್ತದೆ. ಸ್ವಲ್ಪ ಹೋದರೂ ನ್ಯುಮೋನಿಯಾ ಆಗಬಹುದು. ಹಾಲು, ಎಳನೀರು ಅಂತ ಹೊಟ್ಟೆ ತುಂಬಿಸುವುದೂ ಬೇಡ, ಅದರಿಂದಲೂ ವಾಂತಿ ಬರುತ್ತದೆ. ಉಪ್ಪುನೀರಂತೂ ತಾನೇ ಅಪಾಯ. ಚಿಕ್ಕ ಮಕ್ಕಳ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು.

ನಾವು ಅಂಗಿ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಬಾಯಿ ಒರೆಸಿ ಹೊರಟೆವು. ದಾರಿಯುದ್ದಕ್ಕೂ ಅವಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದೆ. ಬಾಟಲಿಯನ್ನೂ ತೆಗೆದುಕೊಂಡು ಹೋಗಿದ್ದೆವು. 'ಹೊಟ್ಟೆ ತೊಳೆಯಲ್ವಾ ಡಾಕ್ಟ್ರೇ?' ಅಂತ ನಾನೇ ಕೇಳಿದೆ. ಇದಕ್ಕೆ ತೊಳೆಯಬಾರದು, ಪ್ರತಿವಿಷ ಅಂತಲೂ ಇಲ್ಲ, ಉಸಿರು ನೋಡಿಕೊಳ್ಳುವುದೇ ಚಿಕಿತ್ಸೆ ಅಂದರು. ಆಕ್ಸಿಜನ್ ಕೊಟ್ಟರು. ಎಕ್ಸ್‌ರೇ ತಕ್ಷಣ ತೆಗೆದರೆ ಏನೂ ಕಾಣದೇ ಇರಬಹುದು ಅಂತ ಕೆಲವು ಗಂಟೆ ಬಿಟ್ಟು ತೆಗೆದರು. ರಾತ್ರಿಯಿಡೀ ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತಾ ಕೂತಿದ್ದೆ. ಮಾರನೇ ದಿನ ಮನೆಗೆ ಬಂದೆವು.

ಮಗು ಆರಾಮಾಗಿ ಆಡುತ್ತಿದೆ ಅಂತ ಮನೆಯಲ್ಲೇ ಉಳಿಯಬೇಡಿ. ತೊಂದರೆ ಕೆಲವು ಗಂಟೆ ಬಿಟ್ಟು ಶುರುವಾಗಬಹುದು. ಕೆಮ್ಮು ನಿಲ್ಲದಿದ್ದರೆ, ಏದುಸಿರು ಬಂದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ತೂಕಡಿಸಿದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ದಿನದ 24 ಗಂಟೆಯೂ ಇರುತ್ತದೆ.

ನಿಮ್ಮದೂ ತೋಟದ ಮನೆ ಅಂದಿದ್ದೀರಿ, ಹಾಗಾಗಿ ಇನ್ನೆರಡು ಮಾತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ನೀಲಿ ಹರಳು ಮಕ್ಕಳಿಗೆ ಕಲ್ಲುಸಕ್ಕರೆ ಥರ ಕಾಣುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ತಕ್ಷಣ ನೀರು ಹರಿಸಿ ತೊಳೆಯುತ್ತಲೇ ಇರಬೇಕು. ಕೀಟನಾಶಕಗಳಲ್ಲಿ ಕೆಲವಕ್ಕೆ ಪ್ರತಿವಿಷ ಇದೆ, ಆದರೆ ಕುಡಿದದ್ದು ಯಾವುದು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಡಬ್ಬಿ, ಚೀಟಿ ಸಮೇತ ಒಯ್ಯಿರಿ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಮೇಲಿಡಿ. ಅದನ್ನು ಜಾಸ್ತಿ ನುಂಗಿದ ಮಗು ಮೊದಲು ವಾಂತಿ ಮಾಡಿ, ನಡುವೆ ಹುಷಾರಾದಂತೆ ಕಂಡು, ಆಮೇಲೆ ತೀರಾ ಕೆಡಬಹುದು.

ನಮ್ಮ ಬಚ್ಚಲಲ್ಲಿ ಈಗ ಬಾಟಲಿ ಇಲ್ಲ. ಬೇಸಿಗೆಯಲ್ಲೇ ಅಡಿಕೆ ಹಾಳೆ, ಕಾಯಿಸಿಪ್ಪೆ ಒಣಗಿಸಿ ಅಟ್ಟಕ್ಕೆ ಹಾಕುತ್ತೇವೆ. ಒಲೆ ಹತ್ತಿಸಲು ಅದೇ ಸಾಕಾಗುತ್ತದೆ.