ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನಲ್ಲೊಂದು ಪೈಥಾನ್ ಕಟ್ಟೆ

ಊರಿನಲ್ಲಿ ಕೂಟ ಸೇರಿಸಿ, ಬ್ಲಾಗ್ ಬರೆದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹತ್ತು ಜನರಿಗೆ ಮುಟ್ಟಿಸುವುದು ಹೇಗೆ ಎಂದು ಕಾಸರಗೋಡು ಮತ್ತು ಹೊಸೂರು ಕಡೆಯಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಊರಿನ ವಾಚನಾಲಯದ ಸಭಾಂಗಣದಲ್ಲಿ 25 ಮಂದಿಗೆ ದಿನವಿಡೀ ಪೈಥಾನ್ ಕಾರ್ಯಾಗಾರ ಮಾಡಬೇಕೆಂದಿದ್ದೇವೆ. ಏನೇನು ಸಿದ್ಧತೆ ಬೇಕು? — ಬದಿಯಡ್ಕದ ಓದುಗರು

ದಿನವಿಡೀ ಬೇಡ. ಹೊಸಬರಿಗೆ ಮೂರು ಗಂಟೆ ಸಾಕು. ಹತ್ತಕ್ಕೆ ತೊಡಗಿ ಒಂದಕ್ಕೆ ಮುಗಿಸಿದರೆ ಪೆರ್ಲ, ಮುಳ್ಳೇರಿಯದಿಂದ ಬಂದವರಿಗೂ ಬಸ್ಸಿನ ಚಿಂತೆ ಇರುವುದಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಲ್ಲ ಸೇರಿದರೆ ಮುಕ್ಕಾಲು ಗಂಟೆ ಹೋಗಿಬಿಡುತ್ತದೆ. ಹಿರಿಯರನ್ನು ಖಂಡಿತ ಕರೆಯಿರಿ, ಆದರೆ ಕೊನೆಗೆ ಕರೆಯಿರಿ. ಮಕ್ಕಳು ಬರೆದ ಪ್ರೋಗ್ರಾಂ ನೋಡಿ ಅವರೇ ನಾಲ್ಕು ಮಾತು ಆಡಲಿ.

ಗುರಿ ಒಂದೇ ಇರಲಿ: ಮೊದಲ 20 ನಿಮಿಷದೊಳಗೆ ಬಂದ ಪ್ರತಿಯೊಬ್ಬರ ಪರದೆಯಲ್ಲೂ ಒಂದು ಚೌಕ ಮೂಡಬೇಕು. ಪೈಥಾನ್ ಜೊತೆಯಲ್ಲೇ ಬರುವ, ಚಿತ್ರ ಬಿಡಿಸುವ ಟರ್ಟಲ್ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) ಇದಕ್ಕೆ ಹೇಳಿ ಮಾಡಿಸಿದಂತಿದೆ. ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಹೀಗೆ ನಾಲ್ಕು ಸಲ. ಅದನ್ನೇ, ಆಜ್ಞೆಗಳನ್ನು ಮತ್ತೆ ಮತ್ತೆ ನಡೆಸುವ ಲೂಪ್‌ನೊಳಗೆ ಹಾಕಿ, ಕೋನ ಬದಲಾಯಿಸಿದರೆ ರಂಗೋಲಿ. ವೇರಿಯೇಬಲ್ (ಮೌಲ್ಯಕ್ಕೆ ಕೊಡುವ ಹೆಸರು), ಡೇಟಾ ಟೈಪ್ (ಮೌಲ್ಯದ ಬಗೆ) ಎಂಬ ವಿವರಣೆಯಿಂದ ಆರಂಭಿಸಿದ ಕಾರ್ಯಾಗಾರದಲ್ಲಿ ಹನ್ನೊಂದು ಗಂಟೆಗೆ ಹಿಂದಿನ ಸಾಲು ಮೊಬೈಲ್ ನೋಡುತ್ತಿರುತ್ತದೆ.

ಇಲ್ಲಿ ಕೈಕೊಡುವ ಸಂಗತಿಗಳು ಮೂರು. ಅರ್ಧದಷ್ಟು ಮಂದಿ ತಮ್ಮ ಫೈಲನ್ನು ಟರ್ಟಲ್ ಎಂಬ ಹೆಸರಿನಲ್ಲೇ ಉಳಿಸುತ್ತಾರೆ. ಆಗ ಪೈಥಾನ್ ನಿಜವಾದ ಮಾಡ್ಯೂಲ್ ಬಿಟ್ಟು ಅವರದೇ ಫೈಲನ್ನು ಇಂಪೋರ್ಟ್ ಮಾಡಿಕೊಂಡು 'ಸರ್ಕ್ಯುಲರ್ ಇಂಪೋರ್ಟ್' (ಫೈಲು ತನ್ನನ್ನೇ ಕರೆದುಕೊಳ್ಳುವುದು) ಎಂದು ದೂರುತ್ತದೆ. ಫೈಲಿಗೆ 'ಚೌಕ1' ಎಂಬಂಥ ಹೆಸರು ಕೊಡಬೇಕೆಂದು ಮೊದಲೇ ಹಲಗೆಯಲ್ಲಿ ಬರೆದಿಡಿ. ಎರಡನೆಯದು, ಉಬುಂಟು ಲಿನಕ್ಸ್‌ನಲ್ಲಿ ಪರದೆಯಲ್ಲಿ ಚಿತ್ರದ ಕಿಟಕಿ ತೆರೆಯುವ ಟಿಕಿಂಟರ್ ಪ್ರತ್ಯೇಕ ಪ್ಯಾಕೇಜ್. ಅದಿಲ್ಲದಿದ್ದರೆ ಟರ್ಟಲ್ ಓಡುವುದೇ ಇಲ್ಲ. ಮೂರನೆಯದು ವಿಂಡೋಸ್‌ನದು. ಇನ್‌ಸ್ಟಾಲ್ ಮಾಡುವಾಗ 'ಪಾತ್‌ಗೆ ಸೇರಿಸು' ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ, ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಈ ತೊಡಕು ತಪ್ಪಿಸಲು ಥಾನಿ ಎಡಿಟರ್ ಬಳಸಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ರೂಪಿಸಿದ್ದು ಅದು. ಅದರ ವಿಂಡೋಸ್ ಇನ್‌ಸ್ಟಾಲರ್‌ನೊಳಗೇ ಪೈಥಾನ್ ಇರುತ್ತದೆ. 'ಹಿಂದಿನ ರಾತ್ರಿಯೇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ' ಎಂಬ ಸೂಚನೆಯನ್ನು ನಂಬಿ ಕೂರಬೇಡಿ. ಮೂರು ಪೆನ್‌ಡ್ರೈವ್‌ಗಳಲ್ಲಿ ಇನ್‌ಸ್ಟಾಲರ್ ಹಾಕಿಕೊಂಡು, ಬಾಗಿಲಲ್ಲೇ ಇಬ್ಬರು ನಿಲ್ಲಲಿ.

ಇಬ್ಬರಿಗೊಂದು ಲ್ಯಾಪ್‌ಟಾಪ್ ಒಳ್ಳೆಯದು, ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ತಪ್ಪು ಹುಡುಕುತ್ತಾರೆ. ಆರು ಮಂದಿಗೊಬ್ಬ ಸಹಾಯಕ ಬೇಕು. ಸಹಾಯಕರಿಗೆ ಒಂದೇ ನಿಯಮ: ಇನ್ನೊಬ್ಬರ ಕೀಬೋರ್ಡ್ ಮುಟ್ಟಬಾರದು, ಬಾಯಲ್ಲೇ ಹೇಳಬೇಕು.

ವಿದ್ಯುತ್ತಿನ ಲೆಕ್ಕ ಮರೆಯಬೇಡಿ. 13 ಲ್ಯಾಪ್‌ಟಾಪ್‌ಗಳಿಗೆ ತಲಾ 65 ವ್ಯಾಟ್ ಎಂದರೆ 845. ಪ್ರೊಜೆಕ್ಟರ್ 300 ಸೇರಿದರೆ 1145 ವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 5 ಆಂಪಿಯರ್. 6 ಆಂಪಿಯರಿನ ಒಂದೇ ಸಾಕೆಟ್ಟಿಗೆ ಬೋರ್ಡಿನ ಮೇಲೆ ಬೋರ್ಡ್ ಸಿಕ್ಕಿಸಿದರೆ ಪ್ಲಗ್ ಬಿಸಿಯಾಗುತ್ತದೆ. ಎರಡು ಬೇರೆ ಸಾಕೆಟ್‌ಗಳಿಗೆ ಹಂಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಸಿಡಿಲು, ಕರೆಂಟಿನ ಕಣ್ಣಾಮುಚ್ಚಾಲೆ ಇದ್ದದ್ದೇ. ಆ ತಿಂಗಳುಗಳಲ್ಲಿ ಪಾಠದ ಸಾರವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೈಗೆ ಕೊಟ್ಟಿರಿ.

ಬರುವವರಲ್ಲಿ ಅರ್ಧ ಮಂದಿಯ ಮನೆಮಾತು ಮಲಯಾಳಂ. ಕನ್ನಡದಲ್ಲೇ ನಡೆಸಬಹುದೇ? — ಉಪ್ಪಳ

ನಡೆಸಿ. ಆದರೆ ಪ್ರಕಟಣೆಯಲ್ಲೇ 'ಕನ್ನಡದಲ್ಲಿ' ಎಂದು ಸ್ಪಷ್ಟವಾಗಿ ಬರೆಯಿರಿ, ಸಹಾಯಕರಲ್ಲಿ ಇಬ್ಬರಾದರೂ ಮಲಯಾಳಂ ಬಲ್ಲವರಿರಲಿ. ತುಳುವಿನಲ್ಲಿ ಪ್ರಶ್ನೆ ಬಂದರೆ ತುಳುವಿನಲ್ಲೇ ಉತ್ತರಿಸಿ.

ವೇರಿಯೇಬಲ್ ಹೆಸರುಗಳನ್ನು ಕನ್ನಡದಲ್ಲೇ ಬರೆದರೆ ಮಕ್ಕಳಿಗೆ ಹತ್ತಿರವಾಗುತ್ತದೆಯೇ? ಒಮ್ಮೆ ಓಡುತ್ತದೆ, ಒಮ್ಮೆ ಎರರ್ ಬರುತ್ತದೆ. — ಕುಂಬಳೆಯ ಅಧ್ಯಾಪಕರು

2008ರಲ್ಲಿ ಬಂದ ಪೈಥಾನ್ 3ರಿಂದ ಕನ್ನಡ ಹೆಸರಿಗೆ ಅಡ್ಡಿಯಿಲ್ಲ. 'ಮಳೆ = 42' ಎಂದು ಬರೆದರೆ ಓಡುತ್ತದೆ. ಎರರ್ ಬರುವುದು ಕಣ್ಣಿಗೆ ಕಾಣದ ಅಕ್ಷರದಿಂದ. 'ಲ್ಯಾಪ್‌ಟಾಪ್' ಎಂದು ಬಿಡಿಸಿ ಬರೆಯಲು ನಡುವೆ ಯೂನಿಕೋಡ್ ಅಕ್ಷರಪಟ್ಟಿಯ ಯು+200ಸಿ ಎಂಬ ಸಂಕೇತ ಹಾಕುತ್ತೇವೆ. 'ರ‍್ಯಾಂಕ್' ಬರೆಯಲು ಯು+200ಡಿ. ಪಠ್ಯದಲ್ಲಿ ಇವು ಬೇಕೇ ಬೇಕು, ಆದರೆ ವೇರಿಯೇಬಲ್ ಹೆಸರಿನೊಳಗೆ ಇವನ್ನು ಪೈಥಾನ್ ಒಪ್ಪುವುದಿಲ್ಲ. ಹಾಗಾಗಿ 'ಮಳೆ', 'ಹೆಸರು', 'ತೂಕ' ಎಂಬಂಥ ನಮ್ಮ ಸಣ್ಣ ಪದಗಳನ್ನೇ ಆರಿಸಿಕೊಳ್ಳಿ. ಕನ್ನಡ ಅಂಕಿಗಳದ್ದು ಇನ್ನೊಂದು ಸ್ವಾರಸ್ಯ. ಕೋಡ್‌ನೊಳಗೆ ೨೫ ಎಂದು ನೇರ ಬರೆದರೆ ತಪ್ಪು. ಅದೇ ೨೫ನ್ನು ಬಳಕೆದಾರ ಟೈಪ್ ಮಾಡಿ, ನೀವು ಪಠ್ಯವನ್ನು ಸಂಖ್ಯೆಯಾಗಿಸುವ ಇಂಟ್ ಫಂಕ್ಷನ್ನಿಗೆ ಕೊಟ್ಟರೆ ಅದು ಸರಿಯಾಗಿ 25 ಆಗುತ್ತದೆ.

ಆದರೂ ನಮ್ಮ ಸಲಹೆ: ಮೊದಲ ಎರಡು ತರಗತಿಗಳಲ್ಲಿ ಕನ್ನಡ ಹೆಸರು, ಆಮೇಲೆ ಇಂಗ್ಲಿಷ್ ಹೆಸರು, ಕೋಡಿನ ನಡುವಿನ ಟಿಪ್ಪಣಿಯಾದ ಕಾಮೆಂಟ್ ಮಾತ್ರ ಕನ್ನಡದಲ್ಲಿ. ಒಂದೇ ಸಾಲಿನಲ್ಲಿ ಎರಡು ಕೀಬೋರ್ಡ್ ಬದಲಿಸುವುದು ಮಕ್ಕಳಿಗೆ ದಣಿವು.

ಕನ್ನಡವನ್ನು ಹೆಸರಿನಲ್ಲಿಡುವುದಕ್ಕಿಂತ ಸಮಸ್ಯೆಯಲ್ಲಿಡುವುದು ಹೆಚ್ಚು ಫಲ ಕೊಡುತ್ತದೆ. 'ಕನ್ನಡ' ಪದದ ಉದ್ದವನ್ನು ಲೆನ್ ಫಂಕ್ಷನ್ನಿಗೆ ಕೇಳಿದರೆ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. 'ಕಾಸರಗೋಡು' ನಮಗೆ ಐದು, ಪೈಥಾನ್‌ಗೆ ಎಂಟು. ಅದನ್ನು ಹಿಂದುಮುಂದು ಮಾಡಿದರೆ ಉಕಾರದ ಕೊಂಬು ಮುಂದೆ ಒಂಟಿಯಾಗಿ ನಿಲ್ಲುತ್ತದೆ, 'ಡು' ಇದ್ದದ್ದು 'ಡೋ' ಆಗುತ್ತದೆ. ಯಾಕೆ ಎಂದು ಕೇಳಿ, ತರಗತಿ ಎದ್ದು ಕೂರುತ್ತದೆ. ಪರಿಹಾರವನ್ನು ಮಕ್ಕಳೇ ಕಟ್ಟಲಿ: ಮಾತ್ರಾಚಿಹ್ನೆಯನ್ನೂ ಹಲಂತವನ್ನೂ (್) ಎಣಿಸಬೇಡ, ಹಲಂತದ ನಂತರ ಬರುವ ವ್ಯಂಜನವನ್ನೂ ಎಣಿಸಬೇಡ. ಹತ್ತು ಸಾಲಿನೊಳಗೆ ಮುಗಿಯುತ್ತದೆ. ಆಮೇಲೆ 'ಲ್ಯಾಪ್‌ಟಾಪ್' ಕೊಟ್ಟು ನೋಡಿ, ಆ ಕಾಣದ ಸಂಕೇತದಿಂದ ಲೆಕ್ಕ ಮತ್ತೆ ತಪ್ಪುತ್ತದೆ. ಮುಂದಿನ ತರಗತಿಗೆ ವಿಷಯ ಸಿಕ್ಕಿತು.

ಶಾಲೆಯ ಲ್ಯಾಬಿನಲ್ಲಿ ನೆಟ್ ನಿಧಾನ. ಪ್ಯಾಕೇಜ್‌ಗಳನ್ನು ಹಾಕುವುದು ಹೇಗೆ? — ಮಂಜೇಶ್ವರ

ಕೇರಳದ ಶಾಲೆಗಳಲ್ಲಿ, ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಕೈಟ್‌ನ ಲಿನಕ್ಸ್ ಇರುವುದರಿಂದ ಪೈಥಾನ್ ಈಗಾಗಲೇ ಇದೆ. ಹೈಸ್ಕೂಲಿನ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯದಲ್ಲೂ ಪೈಥಾನ್ ಇದೆ. ಆದ್ದರಿಂದ ವಿದ್ಯಾರ್ಥಿಗಳ ಲಿಟಲ್ ಕೈಟ್ಸ್ ಕ್ಲಬ್ಬಿನ ಅಧ್ಯಾಪಕರನ್ನು ಮೊದಲು ಮಾತಾಡಿಸಿ, ಅನುಮತಿಯಿಲ್ಲದೆ ಶಾಲೆಯ ಯಂತ್ರದಲ್ಲಿ ಏನನ್ನೂ ಹಾಕಬೇಡಿ. ಹೆಚ್ಚುವರಿ ಪ್ಯಾಕೇಜ್ ಬೇಕೇಬೇಕಾದರೆ ಮನೆಯಲ್ಲಿ, ಪ್ಯಾಕೇಜ್ ತರುವ ಸಾಧನವಾದ ಪಿಪ್ ಬಳಸಿ 'ಪಿಪ್ ಡೌನ್‌ಲೋಡ್' ಮಾಡಿ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಲ್ಯಾಬಿನಲ್ಲಿ 'ನೋ-ಇಂಡೆಕ್ಸ್', 'ಫೈಂಡ್-ಲಿಂಕ್ಸ್' ಆಯ್ಕೆಗಳೊಂದಿಗೆ ಇನ್‌ಸ್ಟಾಲ್ ಮಾಡಿ. ಎರಡೂ ಕಡೆ ಪೈಥಾನ್ ಆವೃತ್ತಿ ಮತ್ತು ಆಪರೇಟಿಂಗ್ ಸಿಸ್ಟಮ್ ಒಂದೇ ಇರಬೇಕು. 3.12ಕ್ಕೆ ಇಳಿಸಿದ ನಂಪೈ (ಗಣಿತದ ಪ್ಯಾಕೇಜ್) 3.10ರಲ್ಲಿ ಕೂರದು. ಹೊಸ ಉಬುಂಟುಗಳಲ್ಲಿ ಪಿಪ್ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಎಂದು ತಡೆಯುತ್ತದೆ, ಆಗ ಆ ಕೆಲಸಕ್ಕಷ್ಟೇ ಪ್ರತ್ಯೇಕವಾದ ಪೈಥಾನ್ ಜಾಗ, ಅಂದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಅದರೊಳಗೆ ಹಾಕಿ.

ಪೈಥಾನ್ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುವ ಆಸೆ. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಇರುವಾಗ ಯಾರು ಓದುತ್ತಾರೆ? — ಕಾಸರಗೋಡಿನ ಕಾಲೇಜು ವಿದ್ಯಾರ್ಥಿನಿ

'ಪೈಥಾನ್ ಎಂದರೇನು' ಎಂದು ಬರೆದರೆ ಓದುವವರು ಕಡಿಮೆ. ಕಾರ್ಯಾಗಾರದಲ್ಲಿ ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಇಬ್ಬರು ಕೇಳಿದ ಪ್ರಶ್ನೆ ಒಂದು ಬರಹಕ್ಕೆ ಸಾಕು. ಶೀರ್ಷಿಕೆ ಆ ಪ್ರಶ್ನೆಯೇ ಆಗಿರಲಿ. ಎರರ್ ಸಂದೇಶವನ್ನು ಮಾತ್ರ ಕನ್ನಡಕ್ಕೆ ತರದೆ, ಪರದೆಯಲ್ಲಿ ಬಂದ ಹಾಗೆಯೇ ಇಂಗ್ಲಿಷಿನಲ್ಲಿ ಇಡಿ. ಜನ ಹುಡುಕುವುದು ಅದನ್ನೇ ಅಂಟಿಸಿ. ನಂತರ ಪೈಥಾನ್ ಆವೃತ್ತಿ, ಯಾವ ಸಿಸ್ಟಮ್, ತಪ್ಪನ್ನು ತೋರಿಸುವ ಅತಿ ಚಿಕ್ಕ ಕೋಡ್, ಕಾರಣ, ಪರಿಹಾರ. 500 ಪದ ಮೀರಬೇಕಿಲ್ಲ.

ನಮ್ಮಲ್ಲಿ ತಪ್ಪುವುದು ಕೋಡ್ ಇಡುವ ರೀತಿಯಲ್ಲಿ. ಬ್ಲಾಗ್ ತಂತ್ರಾಂಶಗಳು ನೇರ ಉದ್ಧರಣ ಚಿಹ್ನೆಯನ್ನು ತಾವಾಗಿ ಬಾಗಿದ ಚಿಹ್ನೆಯಾಗಿಸುತ್ತವೆ. ಓದುಗ ಅದನ್ನು ನಕಲಿಸಿ ಓಡಿಸಿದರೆ 'ಇನ್‌ವ್ಯಾಲಿಡ್ ಕ್ಯಾರೆಕ್ಟರ್' ಎಂಬ ಎರರ್. ಸಾಲಿನ ಮೊದಲಿನ ನಾಲ್ಕು ಸ್ಪೇಸ್ ಕಳೆದುಹೋದರಂತೂ ಪೈಥಾನ್ ಕೋಡ್ ಸತ್ತ ಹಾಗೆ. ಕೋಡನ್ನು ಕೋಡ್ ಬ್ಲಾಕಿನಲ್ಲೇ ಇಡಿ, ಪ್ರಕಟಿಸಿದ ಮೇಲೆ ಪುಟದಿಂದಲೇ ನಕಲಿಸಿ ಒಮ್ಮೆ ಓಡಿಸಿ ನೋಡಿ. ಸ್ಕ್ರೀನ್‌ಶಾಟ್ ಹಾಕಬೇಡಿ, ನಕಲಿಸಲಾಗದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದದು. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಫೈಲ್ ತೆರೆಯುವ ಉದಾಹರಣೆ ಕೊಟ್ಟಾಗಲೆಲ್ಲ ಯುಟಿಎಫ್-8 ಎಂದು (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಕ್ರಮ) ಎನ್‌ಕೋಡಿಂಗ್ ಬರೆಯಿರಿ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕನ್ನಡ ಪಠ್ಯಕ್ಕೆ 'ಚಾರ್‌ಮ್ಯಾಪ್' ಎರರ್ ಬರುತ್ತದೆ. ಸಿಎಸ್‌ವಿ ಫೈಲು ಎಕ್ಸೆಲ್‌ನಲ್ಲಿ ಸರಿಯಾಗಿ ತೆರೆಯಬೇಕಾದರೆ 'ಯುಟಿಎಫ್-8-ಸಿಗ್' ಬಳಸಿ.

ಉದಾಹರಣೆಗಳು ಊರಿನವೇ ಇರಲಿ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ. 100 ಚದರ ಮೀಟರಿನ ಮಾಡು ಹಿಡಿಯಬಲ್ಲದ್ದು ಮೂರೂವರೆ ಲಕ್ಷ ಲೀಟರ್. ಗುಣಾಕಾರ, ಲೂಪ್, ಫೈಲ್ ಓದುವುದು ಮೂರನ್ನೂ ಇದರಲ್ಲೇ ಕಲಿಸಬಹುದು. ಗುಡ್ಡ ಕೊರೆದ ಸುರಂಗದ ನೀರನ್ನು ನಂಬಿ ಬೇಸಿಗೆ ಕಳೆಯುವ ಮನೆಯ ಹುಡುಗನಿಗೆ ಈ ಲೆಕ್ಕದ ಬೆಲೆ ಬೇರೆಯೇ.

ಮೊದಲ ಕೂಟಕ್ಕೆ 30 ಮಂದಿ ಬಂದರು, ಎರಡನೆಯದಕ್ಕೆ ನಾಲ್ವರು. ಬೆಂಗಳೂರು 40 ಕಿಲೋಮೀಟರ್ ದೂರವಷ್ಟೇ, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನಿಲ್ಲಿಸಿಬಿಡುವುದೇ? — ಹೊಸೂರು

ನಿಲ್ಲಿಸಬೇಡಿ. ನಾಲ್ವರಿದ್ದರೆ ಕೂಟ ಇದೆ ಎಂದೇ ಲೆಕ್ಕ. 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ಎಂಬ ಪೈಥಾನ್ ಸಮ್ಮೇಳನ ನಡೆದ ಬೆಂಗಳೂರಿನ ಜೊತೆ ಭಾಷಣಗಳಲ್ಲಿ ಪೈಪೋಟಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಭಾಷಣ ಬಿಟ್ಟು 'ಕೆಟ್ಟ ಕೋಡ್ ತನ್ನಿ' ಕೂಟ ಮಾಡಿ. ಪ್ರತಿಯೊಬ್ಬರೂ ಓಡದ ಒಂದು ಪ್ರೋಗ್ರಾಂ ತರಬೇಕು, ಒಂದೂವರೆ ಗಂಟೆ ಒಟ್ಟಿಗೆ ಕುಳಿತು ಸರಿಪಡಿಸಬೇಕು. ದಿನ ಬದಲಾಗಬಾರದು, ಎರಡನೇ ಶನಿವಾರ ಎಂದರೆ ಎರಡನೇ ಶನಿವಾರವೇ. ಮುಂದಿನ ಸಲ ನಡೆಸುವವರು ಯಾರೆಂದು ಎದ್ದು ಹೋಗುವ ಮುಂಚೆ ನಿಶ್ಚಯಿಸಿ, ಅದು ನೀವಾಗಿರಬಾರದು. ಬಿಟ್ಟುಹೋದ 26 ಮಂದಿಯಲ್ಲಿ ಐವರಿಗೆ ಫೋನ್ ಮಾಡಿ ಎಲ್ಲಿ ಸಿಕ್ಕಿಹಾಕಿಕೊಂಡರೆಂದು ಕೇಳಿ. ಬಹುಪಾಲು ಮನೆಗೆ ಹೋದ ಮೇಲೆ ಇನ್‌ಸ್ಟಾಲ್ ಆಗದೆ ಕೈಬಿಟ್ಟಿರುತ್ತಾರೆ. ಹಾಗಿದ್ದರೆ ಮುಂದಿನ ಕೂಟದ ಮೊದಲ ಅರ್ಧ ಗಂಟೆ ಅದಕ್ಕೇ ಇಡಿ, 'ಲ್ಯಾಪ್‌ಟಾಪ್ ತನ್ನಿ, ಹಾಕಿ ಕೊಡುತ್ತೇವೆ' ಎಂದು ಅವರಿಗೆ ಹೇಳಿ ಕರೆಯಿರಿ.